ಬಿಟ್ಟು ಬರಲು ಹೋದ ತಾತ

"ಮಗೂನ ಸ್ಕೂಲಿಗೆ ಬಿಟ್ಟು ಬರೋದೇನು ಮಹಾ ಕೆಲಸ! ಮಂಡೀಲಿ ನಾನೊಂದು ಸಲ ಕೆಮ್ಮಿದ್ರೆ ಲಾರಿ ಡ್ರೈವರ್‌ಗಳೇ ಗಪ್‌ಚುಪ್. ಮೂರು ವರ್ಷದ ಕೂಸು ಯಾವ ಲೆಕ್ಕ?"

ಅರಸೀಕೆರೆಯ ಕೊಬ್ಬರಿ ಮಂಡಿಯ ಯಜಮಾನ ದೇವೀರಪ್ಪನವರು ಹೀಗೆ ಘೋಷಿಸಿದಾಗ ಸೊಸೆ ಮೇಘಶ್ರೀ ನಗಲಿಲ್ಲ. ಮಗು ಹುಟ್ಟಿದಾಗ ಬಿಟ್ಟಿದ್ದ ಲ್ಯಾಬ್ ಕೆಲಸ ಈಗ ಮತ್ತೆ ಸಿಕ್ಕಿತ್ತು. ಮಗಳು ಸ್ವಾತಿ ಶಿಶುವಿಹಾರಕ್ಕೆ ಹೊಂದಿಕೊಂಡರೆ ಆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ.

"ಮಾವ, ಅವಳು ಅತ್ರೆ ನೀವು ಕರಗಿಬಿಡಬೇಡಿ."

"ನಾನಾ? ಕರಗೋದಾ?"

"ಕೊಬ್ಬರಿ ಎಣ್ಣೇನೂ ಚಳೀಲಿ ಗಟ್ಟೀನೇ ಇರುತ್ತೆ, ಹೋಗ್ರೀ" ಎಂದರು ಹೆಂಡತಿ ಸುವರ್ಣಮ್ಮ.

ಶಿಶುವಿಹಾರದ ಬಾಗಿಲಲ್ಲಿ ಸ್ವಾತಿ ಅಳಲೇ ಇಲ್ಲ! ಉಷಾರಾಣಿ ಮಿಸ್ಸಿನ ಕೈ ಹಿಡಿದವಳು ಕುಣಿಯುತ್ತಾ ಒಳಗೆ ಹೋದಳು. ತಿರುಗಿಯೂ ನೋಡಲಿಲ್ಲ. ದೇವೀರಪ್ಪನವರಿಗೆ ಎದೆಯಲ್ಲಿ ಏನೋ ಚುರುಕ್ಕೆಂದಿತು. ಇಷ್ಟು ದಿನ ಹೆಗಲ ಮೇಲೆ ಹೊತ್ತು ಮೆರೆಸಿದ್ದಕ್ಕೆ ಒಂದು ಟಾಟಾ ಕೂಡ ಬೇಡವೇ?

ಒಂದೇ ಒಂದು ಸಲ ನೋಡಿ ಹೊರಡೋಣವೆಂದು ಕಿಟಕಿಗೆ ಮುಖ ಹಚ್ಚಿದರು. ಆ ದಪ್ಪ ಮೀಸೆಯನ್ನು ಮೊದಲು ಕಂಡದ್ದು ಸ್ವಾತಿಯಲ್ಲ, ಪಕ್ಕದ ಹುಡುಗ. ಅವನಿಗೆ ತನ್ನ ತಾತನ ನೆನಪಾಯಿತು. "ತಾತಾ!" ಎಂದು ರಾಗ ಎಳೆದ. ಅವನನ್ನು ನೋಡಿ ಇನ್ನೊಂದು ಮಗು ಅಜ್ಜಿಯನ್ನು ಕೂಗಿತು, ಮತ್ತೊಂದು ಅಮ್ಮನನ್ನು. ಕ್ಷಣಾರ್ಧದಲ್ಲಿ ಇಡೀ ಕೋಣೆಯೇ ಗೋಳೋ!

ಉಷಾರಾಣಿ ಹೊರಗೆ ಓಡಿ ಬಂದರು. "ಏನ್ ಯಜಮಾನ್ರೇ, ಈಗ ತಾನೇ ಸಮಾಧಾನ ಮಾಡಿದ್ದೆ! ಅಳಿಸಿದವರೇ ಬಂದು ನಗಿಸಿ."

ಮಂಡಿಯ ಹುಲಿ ತೆಪ್ಪಗೆ ಒಳಗೆ ಹೋಗಿ ಮಕ್ಕಳ ಪುಟಾಣಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿತು. ಹಾಡು ಬಾರದು, ಕಥೆ ನೆನಪಿಲ್ಲ. ಬರುತ್ತಿದ್ದದ್ದು ಹರಾಜು ಒಂದೇ! ಮರದ ಆನೆಯನ್ನು ಎತ್ತಿ ಹಿಡಿದು ಗುಡುಗಿದರು:

"ಆನೆ ಬಂತು ಆನೆ! ಯಾರಿಗ್ರಪ್ಪಾ ಬೇಕು?"

ಕೋಣೆ ಗಪ್‌ಚುಪ್. "ನಂಗೆ! ಎರಡು ಬಿಸ್ಕತ್ತು ಕೊಡ್ತೀನಿ" ಎಂದಳು ಸ್ವಾತಿ.

"ನಾನು ಐದು!" "ನಾನು ನೂರು!"

ಮೊದಲು ಅತ್ತ ಹುಡುಗ ಮೂಗೊರೆಸಿಕೊಂಡು, "ನಂಗೆ ಅಮ್ಮ ಬೇಕು" ಎಂದ.

"ಅಮ್ಮನ್ನ ಹರಾಜಿಗೆ ಇಡೋ ಹಂಗಿಲ್ಲ ಕಣಪ್ಪ. ಅವಳಿಗೆ ಬೆಲೆ ಕಟ್ಟೋಕಾಗಲ್ಲ. ಮಧ್ಯಾಹ್ನ ಅವಳೇ ಬತ್ತಾಳೆ. ಅಲ್ಲೀಗಂಟ ಈ ಆನೇನ ನೀನೇ ಇಟ್ಕೊ."

ಹುಡುಗ ಆನೆಯನ್ನು ಅಪ್ಪಿಕೊಂಡು ಅವರ ಮೊಣಕಾಲಿಗೆ ಒರಗಿದ. ದೇವೀರಪ್ಪನವರ ಕಣ್ಣು ತೇವವಾಯಿತು. ಯಾರಾದರೂ ನೋಡಿಯಾರೆಂದು ಗಡಬಡಿಸಿ ಎದ್ದರು. ಕುರ್ಚಿಯೂ ಜೊತೆಗೇ ಎದ್ದಿತು! ಮಗುವನ್ನು ಬಿಡಲು ಬಂದವರನ್ನು ಕುರ್ಚಿ ಬಿಡಲಿಲ್ಲ. ಮಿಸ್ಸು ಅತ್ತ, ಆಯಾ ಇತ್ತ ಎಳೆದರು. ಮಕ್ಕಳು ಬಿದ್ದು ಬಿದ್ದು ನಕ್ಕವು.

ಸಂಜೆ ಸ್ವಾತಿ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಮೇಘಶ್ರೀ ನಗುತ್ತಲೇ ಕಣ್ಣೊರೆಸಿಕೊಂಡು, ಕೆಲಸಕ್ಕೆ ಬರುತ್ತೇನೆಂದು ಫೋನ್ ಮಾಡಿದಳು.

ಮರುದಿನ ಸುವರ್ಣಮ್ಮನೂ ಜೊತೆಗೆ ಹೊರಟರು. ಅವರನ್ನು ಗೇಟಿನಲ್ಲಿ ಕಂಡು ಉಷಾರಾಣಿಗೆ ಗಾಬರಿ. "ಏನಮ್ಮಾ, ಸ್ವಾತಿ ಬರಲ್ಲ ಅಂತ ಹಟ ಮಾಡಿದ್ಲಾ?"

"ಅಯ್ಯೋ, ಅವಳಲ್ಲ ಮಿಸ್" ಎಂದರು ಸುವರ್ಣಮ್ಮ, ಗಂಡನ ತೋಳನ್ನು ಭದ್ರವಾಗಿ ಹಿಡಿದು. "ನಾನು ಬಂದಿದ್ದು ಇವರನ್ನ ವಾಪಸ್ ಕರ್ಕೊಂಡು ಹೋಗೋಕೆ!"