ಗೋಡೆಗೊಂದು ಮುಖ, ಅದಕ್ಕೆರಡು ಗಾಜು

ಲೆನ್ಸಿನ ವಿಷಯದಲ್ಲಿ ಇನ್ನು ಮೇಲೆ ಯಾವ ಅಂಗಡಿಯವನೂ ನನಗೆ ಟೋಪಿ ಹಾಕಲಾರ ಎಂದು ಒಂದು ಬೆಳಿಗ್ಗೆ ಬಟ್ಟೆ ಮಡಚುತ್ತ ಇಡೀ ಮನೆಗೆ ಘೋಷಿಸಿಬಿಟ್ಟೆ. ಇಡೀ ಮನೆ ಎಂದರೆ ಗಡಿಯಾರ ರಿಪೇರಿ ಮಾಡುವ ನನ್ನ ಗಂಡ ಮತ್ತು ಎಂಬತ್ತು ತುಂಬಿದ ಅತ್ತೆ. ಇಬ್ಬರೂ ತಲೆ ಎತ್ತಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಅತ್ತೆಯೇ. ಮಾವನವರು ಹೋದಾಗ ಅವಸರದಲ್ಲಿ ಯಾವುದೋ ಗುರುತಿನ ಚೀಟಿಯ ಫೋಟೋ ಹಿಗ್ಗಿಸಿ ಗೋಡೆಗೆ ಹಾಕಿದ್ದೆವು. ಅದರಲ್ಲಿ ಅವರು ಸೈಕಲ್ ಕದ್ದು ಸಿಕ್ಕಿಬಿದ್ದವರಂತೆ ಕಾಣುತ್ತಾರೆ. ಅತ್ತೆ ಅದನ್ನು ಹನ್ನೊಂದು ವರ್ಷ ನೋಡಿದರು. ಈಗ ಕಣ್ಣಿನ ಡಾಕ್ಟರು ಅವರ ಎಡಗಣ್ಣಿನ ಆಸೆ ಬಿಡಿಸಿ, ಬಲಗಣ್ಣಿಗೆ ಒಂದು ವರ್ಷದ ಗಡುವು ಕೊಟ್ಟಾಗ ನನ್ನನ್ನು ಕರೆದು ಕೂರಿಸಿಕೊಂಡರು.

"ನನ್ನ ಫೋಟೋನ ನಾನೇ ನೋಡಿ ಒಪ್ಕೋಬೇಕು. ಕಣ್ಣಿರುವಾಗ್ಲೇ ಒಂದು ತೆಗೆದುಬಿಡು."

ಫೋನಿನಲ್ಲಿ ತೆಗೆದದ್ದನ್ನು ಅವರು ಒಪ್ಪಲಿಲ್ಲ. ಮುಖಕ್ಕೆ ಯಾರೋ ಇಸ್ತ್ರಿ ಮಾಡಿದ ಹಾಗಿದೆ, ಇದು ನಾನಲ್ಲ ಎಂದರು. ಅಂದಿನಿಂದ ನಾನು ಕ್ಯಾಮೆರಾಗಳ ತಪಸ್ಸಿಗೆ ಕೂತೆ. ಓದಿ ಓದಿ, ಅಂಗೈಯಗಲದ, ಲೆನ್ಸು ಬಿಚ್ಚಲಾಗದ ಜಾತಿಯೇ ಶ್ರೇಷ್ಠ ಎಂದು ಕಂಡುಕೊಂಡೆ. ಅದರಲ್ಲಿ ದೂರದ್ದನ್ನು ಹತ್ತಿರಕ್ಕೆ ಎಳೆಯುವ ಸೌಕರ್ಯವಿಲ್ಲ. ಬೇಕಾದರೆ ನಾವೇ ನಡೆದು ಹೋಗಬೇಕು, ದೇವಸ್ಥಾನಕ್ಕೆ ಹೋದ ಹಾಗೆ.

ಕ್ಯಾಮೆರಾ ಅಂಗಡಿಯವರು ನನ್ನ ಗಂಡನ ಹಳೆಯ ಗಿರಾಕಿ. ಎರಡು ಕ್ಯಾಮೆರಾ ಕೊಟ್ಟು, ನಾಲ್ಕು ದಿನ ಇಟ್ಟುಕೊಂಡು ನೋಡಿ ಎಂದರು. ಒಂದರ ಬೆಲೆ ಇನ್ನೊಂದರ ಎರಡೂವರೆ ಪಟ್ಟು. ಏಕೆ ಎಂಬುದನ್ನು ಎರಡು ಗಂಟೆ ವಿವರಿಸಿದರು. ಕೇಳಿಸಿಕೊಳ್ಳುವುದು ದೇವರು ನನಗೆ ಕೊಟ್ಟ ಗುಣ. ಅರ್ಥವಾಗುವುದು ಆಮೇಲಿನ ಮಾತು.

ಮಧ್ಯಾಹ್ನ ಅಡುಗೆಮನೆಯಲ್ಲಿ ದುಬಾರಿಯದನ್ನು ಕಣ್ಣಿಗೆ ಹಿಡಿದೆ. ಎದುರಿನ ಲೋಟದ ಅಂಚಿನಲ್ಲಿ ಒಂದು ಹನಿ ನೀರು ನಿಂತಿತ್ತು. ಅದರ ಹಿಂದೆ ನಮ್ಮ ಪಾತ್ರೆಗಳ ಸ್ಟ್ಯಾಂಡು ಮೆಲ್ಲಗೆ ಕರಗಿ, ಬೆಳಕಿನ ಗುಳ್ಳೆಗಳಾಗಿ ತೇಲತೊಡಗಿತು. ಇಪ್ಪತ್ತಾರು ವರ್ಷ ಉಜ್ಜಿದ ಪಾತ್ರೆಗಳು ಹೀಗೂ ಇರಬಲ್ಲವೆಂದು ನನಗೆ ಗೊತ್ತೇ ಇರಲಿಲ್ಲ. ಸೃಷ್ಟಿಯಾದ ದಿನ ಲೋಕವೆಲ್ಲ ಹೀಗೇ ಇತ್ತೇನೋ, ಆಮೇಲೆ ನಾವು ಬಳಸಿ ಬಳಸಿ ಮಸಿ ಹಿಡಿಸಿದೆವೇನೋ ಅನ್ನಿಸಿತು. ಮನಸ್ಸಿನಲ್ಲೇ ಕೈಮುಗಿದೆ. ಹಾಲು ಉಕ್ಕಿತು.

ಒಲೆ ಒರೆಸಿ, ಅಗ್ಗದ್ದರಲ್ಲೂ ನೋಡಿದೆ. ಪಾಪ, ಅದೂ ಒಳ್ಳೆಯದೇ. ಚಿತ್ರದ ನಡುವೆ ಚುರುಕು, ಅಂಚಿಗೆ ಬರುವಷ್ಟರಲ್ಲಿ ತೂಕಡಿಕೆ.

"ಎರಡೂವರೆ ಪಟ್ಟು ಕೊಟ್ರೆ ಅಮ್ಮ ಎರಡೂವರೆ ಪಟ್ಟು ಚೆಂದ ಕಾಣ್ತಾಳಾ?" ಎಂದು ಗಂಡ ಕೇಳಿದರು.

"ರೀ, ಗಾಜಿನ ಗುಣ ನಿಮಗೆ ಅರ್ಥ ಆಗಲ್ಲ."

ದಿನವಿಡೀ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಕೂರುವ ಮನುಷ್ಯನಿಗೆ ನಾನು ಹೇಳಿದ ಮಾತಿದು!

ಮರುದಿನ ಬೆಳಿಗ್ಗೆ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಅವರು ಮಾವನವರಂತೆಯೇ ಸೈಕಲ್ ಕದ್ದ ಮುಖ ಮಾಡಿ ಕೂತರು. ಸ್ವಲ್ಪ ದೂರದಿಂದ ಚೆನ್ನಾಗಿರುತ್ತದೆಂದು ಹಿಂದೆ ಹೆಜ್ಜೆ ಇಟ್ಟೆ. ಇನ್ನೊಂದಿಟ್ಟೆ. ಬಟ್ಟೆ ಒಣಗಿಸುವ ಸ್ಟ್ಯಾಂಡು ನನ್ನ ಬೆನ್ನಿಗೆ ತಾಗಿ ವಾಲಿತು. ಅದು ನನ್ನ ಗಂಡ ಕೆಲಸಕ್ಕೆ ಕೂತಿದ್ದ ಮೇಜಿನ ಮೇಲೆ ಒರಗಿತು. ಮೇಜಿನ ಮೇಲಿದ್ದ ತಟ್ಟೆ ಮಗುಚಿ, ಬಿಚ್ಚಿಟ್ಟ ಮೂರು ಗಡಿಯಾರಗಳ ಚಕ್ರ, ಮೊಳೆ, ಮುಳ್ಳುಗಳೆಲ್ಲ ನೆಲದ ಮೇಲೆ ಚೆಲ್ಲಾಡಿದವು. ಮೂರು ಸಂಸಾರಗಳ ಕಾಲ ನಮ್ಮ ಹಜಾರದಲ್ಲಿ ನಿಂತುಹೋಯಿತು.

ಗಂಡ ತಲೆಯ ಮೇಲೆ ಬಿದ್ದ ಒದ್ದೆ ಟವೆಲ್ ಕೂಡ ತೆಗೆಯದೆ, ಮೊಣಕಾಲೂರಿ ಅಂಬೆಗಾಲಿಡುತ್ತ ಒಂದೊಂದೇ ಮೊಳೆ ಹೆಕ್ಕತೊಡಗಿದರು. ಐವತ್ತೈದು ವರ್ಷದ ಮಗ ಮತ್ತೆ ಅಂಬೆಗಾಲಿಡುವುದನ್ನು ಅತ್ತೆ ನೋಡಿದರು. ಅವರ ಮುಖ ಅರಳಿತು. ಹಲ್ಲಿಲ್ಲದ್ದು ಮರೆತು ನಕ್ಕರು. ನಾನು ಲೋಕ ಮರೆತು ಮುಂದೆ ನುಗ್ಗಿ, ಅವರ ಮಂಡಿಗೆ ಮಂಡಿ ತಾಗುವಷ್ಟು ಹತ್ತಿರದಿಂದ, ದೇವರನ್ನು ನೆನೆದು, ಒಂದರಲ್ಲಿ ತೆಗೆದು ಇನ್ನೊಂದರಲ್ಲೂ ತೆಗೆದೆ.

ಗೋಡೆಯ ಅಳತೆಗೆ ಎರಡನ್ನೂ ಅಚ್ಚು ಹಾಕಿಸಿ ತಂದು ಅತ್ತೆಯ ಮುಂದಿಟ್ಟೆ. ಗಂಡ ತಮ್ಮ ಕಣ್ಣಿನ ಗಾಜನ್ನು ತೆಗೆದು ತಾಯಿಗೆ ಕೊಟ್ಟರು. ಅತ್ತೆ ಅದನ್ನು ಬಲಗಣ್ಣಿಗೆ ಹಿಡಿದು ಮೊದಲು ಅಗ್ಗದ್ದರ ಮೇಲೆ ಬಾಗಿದರು. ಚೆನ್ನಾಗಿದೆ, ಆದರೆ ಕಣ್ಣಲ್ಲಿ ಬರೀ ಬಿಳಿ ಚುಕ್ಕೆ ಇದೆ ಎಂದರು. ದುಬಾರಿಯದರ ಮೇಲೆ ಬಾಗಿದವರು ಬಹಳ ಹೊತ್ತು ಏಳಲೇ ಇಲ್ಲ.

"ಇದು ನಾನೇ ಕಣೆ. ಒಂದು ಸುಕ್ಕೂ ಬಿಟ್ಟಿಲ್ಲ" ಎಂದರು ಮೆಲ್ಲಗೆ. ಆಮೇಲೆ, "ನನ್ನ ಕಣ್ಣೊಳಗೆ ನೀನಿದ್ದೀಯ."

ಇಪ್ಪತ್ತಾರು ವರ್ಷದಲ್ಲಿ ಅತ್ತೆ ನನಗೆ ಇಂಥ ಮಾತು ಆಡಿದ್ದಿಲ್ಲ. ಎರಡೂವರೆ ಪಟ್ಟೇನು, ಹತ್ತು ಪಟ್ಟಾದರೂ ಕೊಡಬಹುದು ಅನ್ನಿಸಿತು.

"ಅಲ್ಲೇ ಇರ್ತೀನಿ ಅತ್ತೆ" ಎಂದೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಇರಬೇಡ. ಫೋಟೋದ ಕಣ್ಣಲ್ಲಿ ಬಾಯಿ ಬಿಟ್ಕೊಂಡು ನಿಂತಿದ್ದೀಯ. ನಾಳೆ ನಾನು ಹೋದ್ಮೇಲೆ ಬಂದವರೆಲ್ಲ ಇದನ್ನ ನೋಡಿ, ಪಾಪ, ಕೊನೇಗಾಲದಲ್ಲಿ ಈ ತಾಯಿ ಏನೇನು ನೋಡ್ಬೇಕಾಯ್ತೋ ಅಂತಾರೆ. ಈ ದುಬಾರಿಯದನ್ನೇ ತಗೋ. ಬಾಯಿ ಮುಚ್ಕೊಂಡು ಇನ್ನೊಂದು ತೆಗಿ."