ಗೆದ್ದಲು ತಿಂದ ಅಕ್ಷರ

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ಮರಿ ಡಿಸೈನರ್ ಎನ್ನುತ್ತಿದ್ದರು. ಮೂವತ್ತೆರಡು ವರ್ಷದವನು ಮರಿ ಹೇಗಾದ ಎಂದರೆ, ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವನ ಆರು ತಿಂಗಳ ಪರೀಕ್ಷೆ ಆ ದಿನ ಸಂಜೆ ಮುಗಿಯುವುದಿತ್ತು. ‘ಹಾಳುಬಾವಿ’ ಎಂಬ ದೆವ್ವದ ನಾಟಕದ ಪೋಸ್ಟರು ಐದು ಗಂಟೆಗೆ ನಿರ್ದೇಶಕರ ಕೈ ಸೇರಬೇಕು, ಅವರು ಒಪ್ಪಿದರೆ ಮರಿ ಖಾಯಂ, ಒಪ್ಪದಿದ್ದರೆ ಮನೆಗೆ ಎಂದು ಯಜಮಾನರು ಹೇಳಿಬಿಟ್ಟಿದ್ದರು.

ಆ ಪೋಸ್ಟರಿಗೆಂದೇ ಅವನು ಹೊಸ ಅಕ್ಷರಗಳನ್ನು ಮಾಡಿದ್ದ. ದಪ್ಪ ಅಕ್ಷರಗಳನ್ನು ಕಾಗದಕ್ಕೆ ಅಚ್ಚು ಹಾಕಿ, ಇಟ್ಟಿಗೆ ಚೂರಿನಿಂದ ಉಜ್ಜಿ, ಮುದುರಿ ಬಿಡಿಸಿ, ಎರಡು ಸಲ ಸ್ಕೂಟರ್ ಹಾಯಿಸಿ, ಕೊನೆಗೆ ಸ್ಕ್ಯಾನ್ ಮಾಡಿ, ಹನ್ನೊಂದು ದಿನ ಕೂತು ಒಂದೊಂದು ತೂತನ್ನೂ ಮುದ್ದಿನಿಂದ ತಿದ್ದಿದ್ದ. ತಲೆಕಟ್ಟು ಮುಕ್ಕು, ಒತ್ತು ಸವೆದದ್ದು, ಸೊನ್ನೆ ಅರ್ಧ ಮಾಯ. ನೂರು ವರ್ಷ ಬಿಸಿಲು ತಿಂದ ಬಾಗಿಲ ಮೇಲೆ ಬರೆದಂತಿತ್ತು. ಅದಕ್ಕೆ ‘ಗೆದ್ದಲು’ ಎಂದು ಹೆಸರಿಟ್ಟ. ದೆವ್ವದ ನಾಟಕಕ್ಕೆ, ಪತ್ತೇದಾರಿ ಕಾದಂಬರಿಗೆ, ಅಜ್ಜನ ಕಾಲದ್ದೆಂದು ಸುಳ್ಳು ಹೇಳುವ ಹೊಸ ಸಾಬೂನಿನ ಪೆಟ್ಟಿಗೆಗೆ ಇಂಥ ಅಕ್ಷರವೇ ಬೇಕು ಎಂದು ಹೆಂಡತಿಯ ತಲೆ ತಿನ್ನುತ್ತಿದ್ದ. ಪ್ರೆಸ್ಸಿನಲ್ಲಿ ಮಾತ್ರ ಯಾರಿಗೂ ಹೇಳಿರಲಿಲ್ಲ. ಮಹಾರಾಯ ಎಡವಿದ್ದೇ ಅಲ್ಲಿ.

ಮಧ್ಯಾಹ್ನ ಪೋಸ್ಟರಿನ ಅಚ್ಚಿನ ಪ್ಲೇಟನ್ನು ಮಷಿನ್ ಮಾಮನಿಗೆ ಕೊಟ್ಟು, ದಪ್ಪ ಕಾಗದದ ಇನ್ನೂರು ಹಾಳೆ ಎಣಿಸಿಟ್ಟು, ಊಟಕ್ಕೆ ಮನೆಗೆ ಹೋದ.

ಮಾಮ ಮೂವತ್ತು ವರ್ಷದಿಂದ ಅಚ್ಚಿನ ಯಂತ್ರದ ಜೊತೆ ಸಂಸಾರ ಮಾಡಿದವನು. ಮೊದಲ ಹಾಳೆ ನೋಡಿದ್ದೇ ಅವನಿಗೆ ಶಾಯಿ ಹಿಡಿಯುತ್ತಿಲ್ಲ ಅನ್ನಿಸಿತು. ರೋಲರ್ ತೊಳೆದ. ತೂತು ಹೋಗಲಿಲ್ಲ. ಶಾಯಿ ಹೆಚ್ಚಿಸಿದ. ತೂತಿನ ಸುತ್ತ ಇನ್ನಷ್ಟು ಕಪ್ಪಾಯಿತೇ ಹೊರತು ತೂತು ತುಂಬಲಿಲ್ಲ. ಗಾಬರಿಯಾಗಿ ಪ್ರೂಫ್ ನೋಡುವ ಅಕ್ಕನನ್ನು ಕರೆದ. ಅಕ್ಕ ಕೆಂಪು ಪೆನ್ನು ಹಿಡಿದು ತೂತಿಗೆಲ್ಲ ಸುತ್ತು ಹಾಕುತ್ತಾ ಹೋಗಿ, ತೊಂಬತ್ತಕ್ಕೆ ಸೋತು ಕೈಚೆಲ್ಲಿದಳು. ಇದು ಯಜಮಾನರ ಕಣ್ಣಿಗೆ ಬಿದ್ದರೆ ಮರಿಯ ಕತೆ ಮುಗಿಯಿತು ಎಂದು ಇಬ್ಬರಿಗೂ ಕರುಳು ಚುರುಕ್ಕೆಂದಿತು. ಅಕ್ಕ ಅವನ ಕಂಪ್ಯೂಟರಿನ ಮುಂದೆಯೇ ಕೂತು ಹತ್ತೇ ನಿಮಿಷದಲ್ಲಿ ಅಕ್ಷರ ಬದಲಿಸಿ ಬೇರೆ ಪ್ಲೇಟ್ ಮಾಡಿಸಿದಳು. ಮಾಮ ಉಳಿದ ಹಾಳೆಯನ್ನೆಲ್ಲ ಹೊಡೆದು ಮುಗಿಸಿದ.

ಮರಿ ಹಲ್ಲುಕಡ್ಡಿ ಕಚ್ಚಿಕೊಂಡು ಬಂದಾಗ ಮಾಮ ಕಿವಿಯಲ್ಲಿ ಉಸುರಿದ:

“ಯಾರಿಗೂ ಹೇಳ್ಬೇಡಪ್ಪ. ನಿನ್ನ ಅಕ್ಷರ ಎಲ್ಲಾ ಕೆಟ್ಟೋಗಿತ್ತು. ಅಕ್ಕ ಸರಿ ಮಾಡಿದ್ಲು. ಈಗ ಕನ್ನಡಿ ಇದ್ದಂಗಿದೆ ನೋಡು.”

ನೋಡಿದ. ‘ಹಾಳುಬಾವಿ’ ಎಂಬುದು ಶಾಲೆಯ ರಜೆಯ ಸೂಚನೆಯಂತೆ ದುಂಡಗೆ ಹೊಳೆಯುತ್ತಿತ್ತು. ಮರಿಗೆ ಅಳು ಬಂತು. ಆ ದಪ್ಪ ಕಾಗದದ ಇನ್ನೊಂದು ಹಾಳೆಯೂ ಉಳಿದಿರಲಿಲ್ಲ. ಗಂಟೆ ಮೂರಾಗಿತ್ತು.

ಬೈಯಲೂ ಹೊತ್ತಿರಲಿಲ್ಲ. ಎದುರಿನ ಹಾರ್ಡ್‌ವೇರ್ ಅಂಗಡಿಗೆ ಓಡಿ ಉಪ್ಪುಕಾಗದ ತಂದು, ನೆಲದ ಮೇಲೆ ಕೂತು, ಒಂದೊಂದೇ ಪೋಸ್ಟರಿನ ಅಕ್ಷರವನ್ನು ಪರಪರ ಉಜ್ಜತೊಡಗಿದ. ಉಜ್ಜಿದ್ದನ್ನು ಬೆನ್ನ ಹಿಂದೆ ಇಡುತ್ತಾ ಹೋದ. ಹುಚ್ಚು ಹಿಡಿಯಿತೆಂದು ಮಾಮ, ಅಕ್ಕ ಮುಖ ಮುಖ ನೋಡಿಕೊಂಡರು. ಅರುವತ್ತು ಮುಗಿಸಿ ಬೆನ್ನು ನೆಟ್ಟಗೆ ಮಾಡಲು ತಿರುಗಿದರೆ ಹಿಂದೆ ಮಾಮ ಮಂಡಿಯೂರಿ ಕೂತು, ಕರಿ ಮಾರ್ಕರ್ ಹಿಡಿದು, ಒಂದೊಂದೇ ತೂತನ್ನು ತುಂಬುತ್ತಿದ್ದಾನೆ. ಆಗಲೇ ನಲವತ್ತು ರಿಪೇರಿ ಆಗಿತ್ತು.

“ಮಾಮ, ನಿಮ್ಮ ಕಾಲಿಗೆ ಬೀಳ್ತೀನಿ,” ಎಂದ ಮರಿ. “ತೂತು ಬೇಕು ಅಂತಾನೇ ಮಾಡಿದ್ದು. ಆ ತೂತೇ ನನ್ನ ಕೆಲಸ.”

ಮಾಮ ಮಾರ್ಕರಿಗೆ ಮುಚ್ಚಳ ಹಾಕಿದ. ಮೊದಲೇ ಬಾಯಿ ಬಿಟ್ಟು ಹೇಳಲು ಏನಾಗಿತ್ತು ಎಂದು ಬೈದ. ಆಮೇಲೆ ಮೂವರೂ ನೆಲಕ್ಕೆ ಕೂತು ಉಜ್ಜಿದರು. ಮೂವತ್ತು ವರ್ಷ ತೂತು ಮುಚ್ಚಿದ ಕೈಯಲ್ಲಿ ತೂತು ಮಾಡುವಾಗ ಮಾಮನ ಮುಖ ನೋಡಲಾಗುತ್ತಿರಲಿಲ್ಲ.

ಐದಕ್ಕೆ ಸರಿಯಾಗಿ ನಿರ್ದೇಶಕರು ಯಜಮಾನರ ಜೊತೆ ಬಂದರು. ಒಂದು ಪೋಸ್ಟರ್ ಎತ್ತಿ ನೋಡಿದರು. ಇನ್ನೊಂದು ಎತ್ತಿದರು. ಸವೆದ ಜಾಗದ ಮೇಲೆ ಬೆರಳಾಡಿಸಿದರು.

“ಯಾರು ಮಾಡಿದ್ದು?”

ಮರಿ ಹೆಬ್ಬೆರಳಿನ ಬೊಬ್ಬೆ ಮುಚ್ಚಿಕೊಂಡು, ತಾನೇ ಎಂದ.

ನಿರ್ದೇಶಕರು ಅವನನ್ನು ಅಪ್ಪಿಕೊಂಡೇಬಿಟ್ಟರು. ಎಲ್ಲರೂ ಕಂಪ್ಯೂಟರಿನಲ್ಲಿ ಹರಕು ಅಕ್ಷರ ಮಾಡಿಕೊಟ್ಟು ಮೋಸ ಮಾಡುತ್ತಾರೆ, ಸಾವಿರ ಹಾಳೆಯಲ್ಲೂ ಅದೇ ತೂತು ಅದೇ ಜಾಗದಲ್ಲಿರುತ್ತದೆ, ಇಲ್ಲಿ ಮಾತ್ರ ಒಂದರಂತೆ ಇನ್ನೊಂದಿಲ್ಲ ಎಂದು ಹೊಗಳಿದರು. ನಾಟಕ ಹೋದ ಊರಿಗೆಲ್ಲ ಇವನ ಕೈಯಿಂದಲೇ ಪೋಸ್ಟರ್ ಆಗಬೇಕು, ಮೊದಲ ಕಂತಿಗೆ ಮೂರು ಸಾವಿರ ಪೋಸ್ಟರ್ ಎಂದರು.

ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಅಲ್ಲೇ ಮರಿಯ ಕೈ ಕುಲುಕಿ, ಇವತ್ತಿನಿಂದಲೇ ಖಾಯಂ ಎಂದು ಎಲ್ಲರೆದುರು ಸಾರಿದರು. ಮರಿಗೆ ಕಣ್ಣು ತುಂಬಿ ಬಂತು. ತನ್ನ ಗೆದ್ದಲಿನ ವಿಷಯ ಈಗಲಾದರೂ ಹೇಳೋಣವೆಂದು ಕಂಪ್ಯೂಟರಿನ ಕಡೆ ಹೆಜ್ಜೆ ಹಾಕಿದ.

“ಆ ಕಡೆ ಯಾಕೆ?” ಎಂದರು ಯಜಮಾನರು. “ಅಕ್ಷರ ಕೂರಿಸೋದು ಹತ್ತು ನಿಮಿಷದ ಕೆಲಸವಂತೆ, ಅಕ್ಕ ನೋಡ್ಕೊಳ್ತಾಳೆ. ಕೈಯಲ್ಲಿ ಇಂಥಾ ಕಲೆ ಇಟ್ಕೊಂಡು ನೀನು ಅಲ್ಲಿ ಕೂತು ಹಾಳಾಗ್ಬೇಡ.”

ಅಕ್ಕ ಸಂಕೋಚದಿಂದಲೇ ಹೋಗಿ ಅವನ ಕುರ್ಚಿಯಲ್ಲಿ ಕೂತಳು. ಮಾಮ ಯಂತ್ರದ ಪಕ್ಕ ನೆಲ ಗುಡಿಸಿ, ಹಳೇ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದ.

“ಬಾಪ್ಪ, ಇಲ್ಲಿ ಕೂತ್ಕೋ,” ಎಂದ. “ಗಾಳಿ ಚೆನ್ನಾಗಿ ಬರುತ್ತೆ.”