ಕೆರೆ ಏರಿಯ ಕೂದಲೆಳೆ ಸಂದು

ನಕ್ಷೆಗಾರ ಕೆರೆಯ ನಡುವೆ ಮೌಸ್ ಒತ್ತಿ ನೀರು ತುಂಬಿಸಲು ಹೋದರೆ ನೀರು ಇಡೀ ಊರಿಗೇ ನುಗ್ಗಿತು.

ನುಗ್ಗಿದ್ದು ಕಂಪ್ಯೂಟರಿನ ಪರದೆಯ ಮೇಲೆ. ಏರಿಯ ಗೆರೆಯೊಳಗೆ ನಿಲ್ಲಬೇಕಾದ ನೀಲಿ ಅಲೆಗಳು ಹೊಲ, ಶಾಲೆ ದಾಟಿ ಊರ ಗಡಿಯಲ್ಲಿ ನಿಂತಿದ್ದವು. ಮನೆಗಳು ಮಜ್ಜಿಗೆಯಲ್ಲಿ ತೇಲುವ ಬೆಣ್ಣೆಯ ಉಂಡೆಗಳಂತೆ ಕಾಣುತ್ತಿದ್ದವು.

ಆರು ವರ್ಷದಿಂದ ಹಂಗಾಮಿ ಕೆಲಸದಲ್ಲಿದ್ದ ಅವನನ್ನು ಕಾಯಂ ಮಾಡುವ ಕಾಗದ ಇಂಜಿನಿಯರ್ ಸಾಹೇಬರ ಮೇಜಿನ ಮೇಲಿತ್ತು. ನಾಳೆ ಅವರಿಗೆ ವರ್ಗ. ಇವತ್ತು ನಾಲ್ಕು ಗಂಟೆಯೊಳಗೆ ಕೆರೆಯ ನಕ್ಷೆ ಸರಿಯಾಗಿ ಕೈಸೇರಿದರೆ ಸಹಿ ಎಂದಿದ್ದರು.

ಹಿಂದೆ ಕೈಯಲ್ಲೇ ನಕ್ಷೆ ಬರೆಯುತ್ತಿದ್ದ, ಎಲ್ಲರೂ ಸ್ಕೇಲು ಮಾಮ ಎನ್ನುತ್ತಿದ್ದ ಹಿರಿಯರು ಕನ್ನಡಕ ಏರಿಸಿಕೊಂಡು ಬಂದರು.

"ಎಲ್ಲೋ ಗೆರೆ ಕೂಡಿಲ್ಲ ಕಣಯ್ಯ. ನಮ್ಮ ಕಾಲದಲ್ಲಿ ಶಾಯಿ ಹೀಗೆ ಓಡ್ತಿರಲಿಲ್ಲ."

"ಓಡ್ತಿತ್ತು ಮಾಮ, ನಿಮ್ಮ ಜೇಬಿನ ಕಲೆ ನೋಡ್ಕೊಳ್ಳಿ," ಎಂದಳು ಟೈಪಿಸ್ಟ್ ಅಕ್ಕ.

ಅಲೆಗಳನ್ನು ಸಣ್ಣ ಮಾಡಿದರೆ ನೀರು ಎಲ್ಲಿ ನುಸುಳುತ್ತದೆಂದು ಗೊತ್ತಾಗುತ್ತದೆ ಎಂಬುದು ಅಕ್ಕನ ಸಲಹೆ. ಅವನು ನೂರು ಪಟ್ಟು ಸಣ್ಣ ಮಾಡಿದ. ಕಂಪ್ಯೂಟರ್ ಗಂಟಲಲ್ಲಿ ಹಿಟ್ಟು ಸಿಕ್ಕಿದವನಂತೆ ಮಿಸುಕದೆ ಕೂತಿತು. ಅದು ಮತ್ತೆ ಉಸಿರಾಡುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಆಮೇಲೆ ಮೂವರೂ ಪರದೆಗೆ ಮೂಗು ತಾಗಿಸಿ ಏರಿಯ ಮೇಲೆ ನಡೆಯುತ್ತ ಹೋದರು. ಏರಿ ಇನ್ನೂರು ತುಂಡು ಗೆರೆಗಳ ಸರಮಾಲೆ. ನೀರು ಬಿಡುವ ತೂಬಿನ ಹತ್ತಿರ, ಹಿಗ್ಗಿಸಿ ನೋಡಿದಾಗ, ಕೂದಲೆಳೆಯಷ್ಟು ಸಂದು ಸಿಕ್ಕಿತು. ಅಳತೆಯವರ ಅಜಾಗರೂಕತೆಗೆ ಮಾಮ ಮರುಗಿದರು. ನಕ್ಷೆಗಾರ ಸಂದು ಮುಚ್ಚಿ, ಅಷ್ಟೂ ತುಂಡುಗಳನ್ನು ಬೆಸೆದು ಒಂದೇ ಗೆರೆ ಮಾಡಿ, ಮತ್ತೆ ನೀರು ತುಂಬಿಸಿದ. ನೀರು ಹೇಳಿದ ಮಾತು ಕೇಳಿ ಕೆರೆಯಲ್ಲೇ ನಿಂತಿತು. ಕಡತ ಉಳಿಸಿ, ಮುಚ್ಚಿ, ಮುದ್ರಿಸಿಕೊಂಡು ಸಾಹೇಬರ ಕೋಣೆಗೆ ಓಡಿದ. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಒಡಕು ಎಲ್ಲಿ?"

"ಮುಚ್ಚಿಬಿಟ್ಟೆ ಸಾರ್," ಎಂದ ಅವನು ಹೆಮ್ಮೆಯಿಂದ.

"ನಕ್ಷೆಯಲ್ಲಿ ಕೂದಲೆಳೆಯಷ್ಟು ಕಂಡಿರಬಹುದು, ಅಲ್ಲಿ ಏರಿ ಹನ್ನೆರಡು ಅಡಿ ಒಡೆದಿದೆ ಅಂತ ಊರವರು ವರ್ಷದಿಂದ ಅರ್ಜಿ ಕೊಡ್ತಿದ್ದಾರೆ. ಅದನ್ನ ಕಟ್ಟಿಸೋಕೇ ಈ ನಕ್ಷೆ. ನೀವು ಒಂದೇ ಮಧ್ಯಾಹ್ನದಲ್ಲಿ ಕಟ್ಟಿಬಿಟ್ರಲ್ಲ. ಮುಚ್ಚೋ ಮೊದಲು ಹೇಗಿತ್ತು?"

"ನೀರು ಊರೆಲ್ಲ ತುಂಬಿತ್ತು ಸಾರ್."

"ಹೋದ ಮಳೆಗೂ ಹಾಗೇ ಆಗಿತ್ತು."

ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ ಗಡಿಯಾರ ನೋಡಿದರು.

ಅವನು ಓಡಿಬಂದು ಕಡತ ತೆರೆದ. ಏರಿ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ. ಬೆಸೆದ ಗುರುತೂ ಇರಲಿಲ್ಲ. ಅಕ್ಕನ ಕುರ್ಚಿ ಖಾಲಿ. ಮಾಮ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದರು.

"ಮಾಮ, ನಾವು ಮುಚ್ಚಿದ್ದು ತೂಬಿನ ಆ ಕಡೆಗೋ, ಈ ಕಡೆಗೋ?"